ತಪ್ಪು ಹೆಸರಿನ ಅಕ್ಷರ

ಅಪ್ಪನ ವರ್ಷಾಂತಿಕದ ದಿನ. ಊಟ ಮುಗಿದು ಬಂದವರೆಲ್ಲ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆ ನಾನು ಎಲ್ಲರ ಕೈಗೂ ಒಂದೊಂದು ತೆಳ್ಳಗಿನ ಪುಸ್ತಕ ಕೊಟ್ಟಿದ್ದೆ. ಅಪ್ಪ ಹತ್ತು ಹದಿನೈದು ವರ್ಷ ಕೂಡಿಹಾಕಿದ ಶಬ್ದಗಳ ಪಟ್ಟಿ ಅದು. ಪುತ್ತೂರಿನಲ್ಲಿ ಐವತ್ತು ಪ್ರತಿ ಅಚ್ಚು ಹಾಕಿಸಿ ತಂದಿದ್ದೆ. ಅಪ್ಪನಿಗಾಗಿ ಮಾಡಬೇಕಾಗಿದ್ದ ಒಂದು ಕೆಲಸವನ್ನಾದರೂ ಮಾಡಿ ಮುಗಿಸಿದೆನಲ್ಲ ಎಂಬ ಸಮಾಧಾನ ನನಗೆ.

ಜಗಲಿಯ ಮೂಲೆಯಲ್ಲಿದ್ದ ಹಿರಿಯರೊಬ್ಬರು ಕೈಸನ್ನೆ ಮಾಡಿ ಕರೆದರು. ಅಪ್ಪನ ಜೊತೆ ಒಂದೇ ಶಾಲೆಯಲ್ಲಿ ಕನ್ನಡ ಕಲಿಸಿದವರು. ನನಗೂ ಎಂಟನೆಯ ಕ್ಲಾಸಿನಲ್ಲಿ ಪಾಠ ಹೇಳಿದವರು. ಕನ್ನಡಕ ಹಣೆಗೇರಿಸಿ, ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದು ನಿನ್ನ ಅಪ್ಪ ಬರೆದದ್ದಾ?"

"ಹೌದು ಮಾಷ್ಟ್ರೇ."

"ಅವರು ಹೀಗೆ ಬರೆಯುವ ಜನ ಅಲ್ಲ ಮಾರಾಯ. ಕೊಳಕ್ಕೆ ರಳ ಎಲ್ಲಿಂದ ಬಂತು?"

ನಾನು ನೋಡಿದೆ. 'ಕೊಳ' ಎಂದು ಇರಬೇಕಾದಲ್ಲಿ 'ಕೊೞ' ಎಂದು ಅಚ್ಚಾಗಿತ್ತು. ಅದನ್ನು ಬರೆದದ್ದು ಅಪ್ಪ ಅಲ್ಲ. ನಾನು ಬರೆದ ಒಂದು ಸಣ್ಣ ಕಂಪ್ಯೂಟರ್ ಪ್ರೋಗ್ರಾಮು.

ಈ ರಳ ಎಂದರೆ ಏನೆಂದು ಎಲ್ಲರಿಗೂ ನೆನಪಿರಲಿಕ್ಕಿಲ್ಲ. ಹಳೆಗನ್ನಡದಲ್ಲಿ ಳ ಅಲ್ಲದೆ ೞ ಎಂಬ ಇನ್ನೊಂದು ಅಕ್ಷರ ಇತ್ತು. ನಾವು ಈಗ ಮಳೆ, ಬಾಳೆ, ಕೋಳಿ, ಏಳು ಎಂದು ಬರೆಯುವ ಶಬ್ದಗಳು ಆಗ ಮೞೆ, ಬಾೞೆ, ಕೋೞಿ, ಏೞು ಎಂದಿದ್ದವು. ಗದ್ದೆ ಕೂಡ ಹಿಂದೆ ಗೞ್ದೆ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳ ಎಂದು ಇವನ್ನು ಬೇರೆ ಬೇರೆ ಮಾಡಿ ಹೇಳಿದ್ದಾನೆ. ಕ್ರಮೇಣ ಈ ೞ ನಮ್ಮ ಬಾಯಿಂದ ಹೋಯಿತು, ಬರವಣಿಗೆಯಿಂದಲೂ ಹೋಯಿತು. ಹುಳಿಯ ಳ ಮತ್ತು ಹುಳುವಿನ ಳ ನಮಗೀಗ ಒಂದೇ. ಆದರೆ ಹುಳಿಗೆ ಮೊದಲಿನಿಂದಲೂ ಳ, ಹುಳುವಿಗೆ ಹಿಂದೆ ೞ. 'ಕೆಲಸದ ಆಳು' ಎನ್ನುವಾಗ ಇರುವುದು ಳ, 'ಬಾವಿಯ ಆಳ' ಎನ್ನುವಲ್ಲಿ ಇದ್ದದ್ದು ೞ.

ಅಪ್ಪನ ಪಟ್ಟಿ ಇದೇ. ಯಾವ ಳ ಹಿಂದೆ ೞ ಆಗಿತ್ತು, ಯಾವುದು ಮೊದಲಿನಿಂದಲೂ ಳ ಎಂದು ನಮ್ಮ ಊರಿನ ಮಾತಿನಿಂದಲೇ ಹೆಕ್ಕಿ ತೆಗೆದದ್ದು. ನಮ್ಮ ಊರು ಕೊಯಿಲ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ, ರಾಮಕುಂಜದ ಮಗ್ಗುಲಲ್ಲಿದೆ. ಜಾನುವಾರು ಸಂವರ್ಧನಾ ಕೇಂದ್ರದ ಗುಡ್ಡಗಳಿಂದಾಗಿ ಹೊರಗಿನವರಿಗೂ ಹೆಸರು ಗೊತ್ತು. ಇಲ್ಲಿ ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಬ್ಯಾರಿ, ರಬ್ಬರ್ ತೋಟಗಳ ಕಡೆ ಹೋದರೆ ಮಲಯಾಳ. ಇಂಥ ಊರಿನಲ್ಲಿ ಕಳೆದುಹೋದ ಅಕ್ಷರವನ್ನು ಹುಡುಕುವುದು ಸುಲಭ ಎನ್ನುತ್ತಿದ್ದರು ಅಪ್ಪ. ಕನ್ನಡದ ಕೋಳಿ ತುಳುವಿನಲ್ಲಿ ಕೋರಿ, ಬಾಳೆ ಬಾರೆ, ಹುಳು ಪುರಿ. ಆದರೆ ಹುಳಿ ಮಾತ್ರ ಪುಳಿ. ೞ ಇದ್ದಲ್ಲಿ ತುಳುವರ ಬಾಯಲ್ಲಿ ರ ಬಂದಿದೆ, ಳ ಇದ್ದಲ್ಲಿ ಳ ಉಳಿದಿದೆ. ಎಲ್ಲ ಶಬ್ದಗಳಲ್ಲೂ ಹೀಗಾಗುವುದಿಲ್ಲ. ಏಳಕ್ಕೆ ನಾವು ತುಳುವಿನಲ್ಲೂ ಏಳ್ ಎನ್ನುತ್ತೇವೆ. ಅಂಥಲ್ಲಿ ಮಲಯಾಳದವರನ್ನು ಕೇಳಬೇಕು. ಅವರಿಗೆ ೞ ಇವತ್ತಿಗೂ ಬಾಯಲ್ಲೇ ಇದೆ.

ನಿವೃತ್ತಿಯಾದ ಮೇಲೆ ಅಪ್ಪ ಇದನ್ನೆಲ್ಲ ಒಂದು ದಪ್ಪ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. 2003ರಲ್ಲಿ ನಾನು ಬೆಂಗಳೂರಿನಿಂದ ಒಂದು ಹಳೆಯ ಕಂಪ್ಯೂಟರು ತಂದು ಚಾವಡಿಯಲ್ಲಿಟ್ಟೆ. ಅರುವತ್ತೈದು ದಾಟಿದ ಅಪ್ಪ ಅದರ ಮುಂದೆ ಕುಳಿತು, ಒಂದೇ ಬೆರಳಿನಲ್ಲಿ ಕನ್ನಡ ಟೈಪು ಮಾಡಲು ಕಲಿತರು. ಅವರು ಕಲಿತ ಕೀಲಿಮಣೆಯ ಕ್ರಮ ಕೆ.ಪಿ. ರಾವ್ ಅವರು ರೂಪಿಸಿದ ಕ್ರಮದಿಂದ ಬಂದದ್ದು. ರಾವ್ ತಮ್ಮ ಕನ್ನಡ ತಂತ್ರಾಂಶಕ್ಕೆ ನಮ್ಮ ಕಡೆಯ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನೇ, 'ಸೇಡಿಯಾಪು' ಎಂದೇ, ಇಟ್ಟಿದ್ದರು. ಅದನ್ನು ಕೇಳಿದ ಮೇಲೆ ಅಪ್ಪನಿಗೆ ಕಂಪ್ಯೂಟರಿನ ಮೇಲೆ ವಿಶ್ವಾಸ ಬಂತು. "ಸೇಡಿಯಾಪಿನವರ ಹೆಸರು ಇಟ್ಟುಕೊಂಡದ್ದು ತಪ್ಪು ಬರೆಯಲಿಕ್ಕಿಲ್ಲ" ಎಂದಿದ್ದರು.

ಕಂಪ್ಯೂಟರು ತಪ್ಪು ಬರೆಯಲಿಲ್ಲ. ತಪ್ಪು ನನ್ನದು. ಅದು ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನ ಕಥೆ ಬೇಕು.

ಆಗಿನ ಕನ್ನಡ ಫಾಂಟುಗಳ ಉಪಾಯ ವಿಚಿತ್ರವಾಗಿತ್ತು. ಕಂಪ್ಯೂಟರಿನಲ್ಲಿ ಒಂದು ಅಕ್ಷರಕ್ಕೆ ಇದ್ದದ್ದು ಒಂದು ಬೈಟು ಜಾಗ, ಒಟ್ಟು 256 ಮನೆಗಳು. ಆ ಮನೆಗಳಲ್ಲಿ ರೋಮನ್ ಅಕ್ಷರಗಳು ಕುಳಿತಾಗಿತ್ತು. ನಮ್ಮವರು ಅದೇ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಚಿತ್ರಗಳನ್ನು ಕೂರಿಸಿದರು. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಮಟ್ಟಿಗೆ ಅದು ಬಾಲ, ಟೋಪಿ ಹಚ್ಚಿಕೊಂಡ ರೋಮನ್ ಅಕ್ಷರಗಳ ಸಾಲು. ಆ ಫಾಂಟು ಇಲ್ಲದ ಕಡೆ ಫೈಲು ತೆರೆದರೆ ಕಾಣುವುದು ಬರೇ ಕಸ. 1998ರಲ್ಲಿ ಬಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ', ಎರಡರಲ್ಲೂ ಮೊದಲ ದಿನಗಳಲ್ಲಿ ನಾವೆಲ್ಲ ಬರೆದದ್ದು ಹೀಗೆಯೇ. ಅದರಿಂದ ನಷ್ಟವಾಯಿತು ಎಂದು ನಾನು ಹೇಳುವುದಿಲ್ಲ. ಆ ಉಪಾಯ ಇಲ್ಲದಿದ್ದರೆ ಅಪ್ಪನಂಥವರು ಆ ಕಾಲದಲ್ಲಿ ಕನ್ನಡ ಟೈಪು ಮಾಡುತ್ತಲೇ ಇರಲಿಲ್ಲ.

ಅಪ್ಪನಿಗೆ ಒಂದೇ ತೊಂದರೆ. ತಮ್ಮ ಕೀಲಿಮಣೆಯಲ್ಲಿ ೞ ಎಲ್ಲಿದೆಯೆಂದು ಅವರಿಗೆ ಸಿಗಲಿಲ್ಲ. ನನಗೆ ಫೋನು ಮಾಡಿ ಕೇಳಿದರು. ನಾನು ಯಾವುದೋ ಕೆಲಸದ ಗಡಿಬಿಡಿಯಲ್ಲಿ, "ಸದ್ಯಕ್ಕೆ ಳ ಬರೆದು ಪಕ್ಕದಲ್ಲಿ ಒಂದು ಸ್ಟಾರು ಹಾಕಿ ಅಪ್ಪ, ಮತ್ತೆ ಸರಿ ಮಾಡುವ" ಎಂದೆ. ಅವರು ಹಾಗೆಯೇ ಮಾಡಿದರು. 'ಮತ್ತೆ' ಎನ್ನುವುದು ಇಪ್ಪತ್ತು ವರ್ಷ ಬರಲಿಲ್ಲ. 2023ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಅವರ ಕಪಾಟಿನಲ್ಲಿ ಒಂದು ಸಿ.ಡಿ. ಮತ್ತು ಅರ್ಧಕ್ಕರ್ಧ ಗೆದ್ದಲು ತಿಂದ ಆ ನೋಟುಪುಸ್ತಕ ಸಿಕ್ಕಿತು.

ಸಿ.ಡಿ.ಯಲ್ಲಿದ್ದ ಫೈಲನ್ನು ಈಗಿನ ಯೂನಿಕೋಡಿಗೆ ತರಲು ನಾನೇ ಒಂದು ಪ್ರೋಗ್ರಾಮು ಬರೆದೆ. ಮೂವತ್ತು ವರ್ಷ ಅದೇ ಕಸುಬು ಮಾಡಿದವನಿಗೆ ಇದೊಂದು ದೊಡ್ಡ ಕೆಲಸವೇ? ಕೊನೆಯ ಹೆಜ್ಜೆ ಸರಳ: ಳ ಮತ್ತು ಅದರ ಪಕ್ಕದಲ್ಲಿ ಸ್ಟಾರು ಕಂಡಲ್ಲೆಲ್ಲ ೞ ಇಡು. ಸರಿಯಾದ ಅಕ್ಷರ ಬಂದಿದೆಯೇ ಎಂದು ನೋಡಲು, ಈ ಅಕ್ಷರದ ಅಧಿಕೃತ ಹೆಸರು ಹೇಳು ಎಂದು ಕಂಪ್ಯೂಟರನ್ನು ಕೇಳಿದೆ. ಅದು ಕೊಟ್ಟ ಉತ್ತರ: 'ಕನ್ನಡ ಅಕ್ಷರ ಫಾ'.

ಫಾ! ಎಲ್ಲೋ ತಪ್ಪಿದೆ ಎಂದುಕೊಂಡು ಮತ್ತೆ ನೋಡಿದೆ. ತಪ್ಪಿರಲಿಲ್ಲ. ಜಗತ್ತಿನ ಎಲ್ಲ ಲಿಪಿಗಳಿಗೂ ಮನೆ ಕೊಡುವ ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲೇ ಕನ್ನಡಕ್ಕೆ 128 ಮನೆಗಳು ಸಿಕ್ಕಿದವು. ೞಕ್ಕೂ ಒಂದು ಮನೆ ಸಿಕ್ಕಿತು. ಆದರೆ ಮನೆಯ ಬಾಗಿಲಿಗೆ ಬರೆದ ಹೆಸರು 'ಫಾ'. ತಮಿಳಿನ ಮತ್ತು ಮಲಯಾಳದ ಇದೇ ಅಕ್ಷರಕ್ಕೆ ಅಲ್ಲಿ ಸರಿಯಾದ ಹೆಸರೇ ಇದೆ. ಕನ್ನಡದ್ದಕ್ಕೆ ಮಾತ್ರ ಹೀಗೆ. ಫ್ಯಾನು, ಫೋಟೋ ಎನ್ನುವಾಗ ಬರುವ ಆ ಧ್ವನಿಗೆ ನಾವು ಬೇಕಾದರೆ ಫ ಕೆಳಗೆ ಎರಡು ಚುಕ್ಕಿ ಇಡುತ್ತೇವೆ. ೞಕ್ಕೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ನನಗೆ ಸಿಟ್ಟು ಬಂತು. ಸಾವಿರ ವರ್ಷ ಕಲ್ಲಿನಲ್ಲಿ, ತಾಳೆಗರಿಯಲ್ಲಿ ಬರೆದ ಅಕ್ಷರದ ಹೆಸರು ಯಾರಿಗೂ ಗೊತ್ತಿಲ್ಲದೆ ಹೋಯಿತೇ? ಗೊತ್ತಾದ ಮೇಲಾದರೂ ತಿದ್ದಬಾರದೇ? ಹುಡುಕಿ ನೋಡಿದರೆ ಅವರಿಗೆ ಎಂದೋ ಗೊತ್ತಾಗಿದೆ. ಅಕ್ಷರದ ಕೆಳಗೆ 'ಈ ಹೆಸರು ತಪ್ಪು' ಎಂದು ಟಿಪ್ಪಣಿಯನ್ನೂ ಬರೆದಿದ್ದಾರೆ. ಆದರೆ ಹೆಸರನ್ನು ತಿದ್ದಿಲ್ಲ, ತಿದ್ದುವುದೂ ಇಲ್ಲ. 1996ರ ಎರಡನೆಯ ಆವೃತ್ತಿಯಿಂದ ಅವರ ನಿಯಮ ಹಾಗೆ: ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸುವಂತಿಲ್ಲ. ಇಂಗ್ಲಿಷಿನ 'ಬ್ರ್ಯಾಕೆಟ್' ಎಂಬ ಶಬ್ದವನ್ನೇ ಒಂದು ಚಿಹ್ನೆಯ ಹೆಸರಿನಲ್ಲಿ ಅಕ್ಷರ ಹಿಂದುಮುಂದಾಗಿ ಬರೆದಿದ್ದಾರೆ. ಅದೂ ಹಾಗೆಯೇ ಇದೆ. ಕಾಗುಣಿತದ ತಪ್ಪಿಗೂ ವಿನಾಯಿತಿ ಇಲ್ಲ.

ಇದು ಬರೇ ಹಠ ಎಂದು ನನಗೂ ಮೊದಲು ಅನಿಸಿತ್ತು. ಆದರೆ ಇದರ ಹಿಂದೆ ಪೆಟ್ಟು ತಿಂದ ಅನುಭವ ಇದೆ. ಮೊದಲ ದಿನಗಳಲ್ಲಿ ಕೊರಿಯಾ ಭಾಷೆಯ 6,656 ಅಕ್ಷರಗುಚ್ಛಗಳಿಗೆ ಒಂದು ಕಡೆ ಮನೆ ಕೊಟ್ಟಿದ್ದರು. ಅದು ಸಾಲಲಿಲ್ಲ. 1996ರಲ್ಲಿ ಅವನ್ನೆಲ್ಲ ಅಲ್ಲಿಂದ ಎಬ್ಬಿಸಿ, ಬೇರೆ ಕಡೆ 11,172 ಮನೆಗಳ ಹೊಸ ಸಾಲು ಕಟ್ಟಿದರು. ಹಳೆಯ ಮನೆ ನಂಬರು ಹಿಡಿದು ಬರೆದಿಟ್ಟಿದ್ದ ಕೊರಿಯಾದ ಫೈಲುಗಳು ಓದಲಾಗದಂತಾದವು. ಆಮೇಲೆ ಇಂಥ ಕೆಲಸ ಮಾಡುವುದಿಲ್ಲ ಎಂದು ಮಾತು ಕೊಟ್ಟರು. ನಂಬರು ಹಿಡಿದು ಅಕ್ಷರವನ್ನು ಕರೆಯುವ ಪ್ರೋಗ್ರಾಮುಗಳಿರುವ ಹಾಗೆ ಹೆಸರು ಹಿಡಿದು ಕರೆಯುವವೂ ಇವೆ. 'ಫಾ' ಎಂದು ಕರೆದಾಗ ೞ ಎದ್ದು ಬರಬೇಕು ಎಂದು ಎಲ್ಲೋ ಯಾರೋ ಬರೆದಿಟ್ಟಿದ್ದರೆ, ಹೆಸರು ತಿದ್ದಿದ ದಿನ ಅವರ ಕೆಲಸ ನಿಲ್ಲುತ್ತದೆ. ಹಾಗಾಗಿ ಒಂದು ದಾರಿ ಮಾಡಿದರು: ಹಳೆಯ ತಪ್ಪು ಹೆಸರು ಇದ್ದ ಹಾಗೆ ಇರಲಿ, ಪಕ್ಕದಲ್ಲಿ ಸರಿಯಾದ ಹೆಸರನ್ನೂ ಅಧಿಕೃತವಾಗಿ ಬರೆಯೋಣ. ಈಗ ೞವನ್ನು ಎರಡು ಹೆಸರಿನಿಂದಲೂ ಕರೆಯಬಹುದು.

ನಮ್ಮ ಊರಿನವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಕೊಯಿಲ ಈಗ ಕಡಬ ತಾಲೂಕು. ಅಪ್ಪನ ಕಾಲದ ಜಾಗದ ಕಾಗದಪತ್ರಗಳಲ್ಲೆಲ್ಲ ಪುತ್ತೂರು ತಾಲೂಕು ಎಂದಿದೆ. ಯಾರೂ ಆ ಕಾಗದಗಳನ್ನು ಹರಿದು ಹೊಸದು ಬರೆಯುವುದಿಲ್ಲ. ಹಳೆಯದನ್ನು ಹಾಗೇ ಇಟ್ಟುಕೊಂಡು, ಮುಂದಿನದರಲ್ಲಿ ಕಡಬ ಎಂದು ಬರೆಯುತ್ತಾರೆ. ಹಳೆಯದನ್ನು ತಿದ್ದಹೊರಟರೆ ಜಾಗವೇ ಕೈಬಿಟ್ಟೀತು.

ಇಷ್ಟೆಲ್ಲ ಓದಿ, ತಲೆದೂಗಿ, ನಾನು ನನ್ನ ಪ್ರೋಗ್ರಾಮನ್ನು ಓಡಿಸಿದೆ. ಪುಸ್ತಕ ಅಚ್ಚಾಯಿತು. ಅದರಲ್ಲಿ ಕೊಳ ಹೋಗಿ ಕೊೞ ಆಯಿತು.

ಮಾಷ್ಟ್ರು ತೋರಿಸಿದ ಮೇಲೆ, ಎಲ್ಲರೂ ಹೋದ ರಾತ್ರಿ, ಗೆದ್ದಲು ತಿನ್ನದೆ ಉಳಿದ ಪುಟಗಳನ್ನು ಹಿಡಿದು ಕುಳಿತೆ. ಅಪ್ಪ ನೋಟಿನಲ್ಲಿ ೞವನ್ನು ಕೈಯಿಂದ ಚಂದಕ್ಕೆ ಬರೆದಿದ್ದರು. ಅಲ್ಲಿ ಸ್ಟಾರಿನ ಅಗತ್ಯವೇ ಇರಲಿಲ್ಲ. ಆದರೆ ಕೆಲವು ಶಬ್ದಗಳ ಪಕ್ಕ ಪೆನ್ಸಿಲಿನಲ್ಲಿ ಸಣ್ಣದಾಗಿ 'ವಿ' ಎಂದಿತ್ತು. ವಿಚಾರಿಸಬೇಕು ಎಂದರ್ಥ. ಅದೇ ಶಬ್ದಗಳು ಫೈಲಿನಲ್ಲಿ ಹೇಗಿವೆ ಎಂದು ನೋಡಿದೆ. ಶಬ್ದದ ಕೊನೆಗೆ ಒಂದು ಸ್ಟಾರು!

ವಿಷಯ ಇಷ್ಟೇ. ನಾನು ಹೇಳಿಕೊಟ್ಟ ಹಾಗೆ ಅಪ್ಪ ೞಕ್ಕೆ ಸ್ಟಾರು ಇಟ್ಟರು. ಸಂಶಯ ಬಂದ ಶಬ್ದಗಳಿಗೆ ಗುರುತು ಬೇಕಾದಾಗ, ತಮ್ಮ ಪಾಡಿಗೆ, ಅವುಗಳ ಕೊನೆಗೂ ಸ್ಟಾರು ಇಟ್ಟರು. ಶಬ್ದದ ಮಧ್ಯದಲ್ಲಿದ್ದರೆ ತೊಂದರೆ ಇಲ್ಲ. ಆದರೆ ಶಬ್ದವೇ ಳದಲ್ಲಿ ಮುಗಿದರೆ? ಕೊಳದ ಮುಂದಿನ ಸ್ಟಾರು 'ಇದು ರಳ' ಎನ್ನುತ್ತದೆಯೋ, 'ಇದನ್ನು ವಿಚಾರಿಸಬೇಕು' ಎನ್ನುತ್ತದೆಯೋ? ಅಪ್ಪನಿಗೆ ಗೊತ್ತಿತ್ತು. ನನ್ನ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. ಅಪ್ಪ ಸಂಶಯ ಎಂದು ಇಟ್ಟದ್ದನ್ನು ಅದು ಖಚಿತ ಎಂದು ಬರೆದುಬಿಟ್ಟಿತು. ಳ ಯಾವುದು, ೞ ಯಾವುದು ಎಂದು ಬೇರೆ ಮಾಡುವುದೇ ಆ ಪುಸ್ತಕದ ಕೆಲಸ. ಅದನ್ನೇ ನಾನು ಕೆಡಿಸಿದ್ದೆ. ಅದೂ ಅಪ್ಪನ ಹೆಸರಿನಲ್ಲಿ.

ಎಣಿಸಿದೆ. ಇಂಥ ಶಬ್ದಗಳು ನಲುವತ್ತೊಂದು. ಅವುಗಳಲ್ಲಿ ಒಂಬತ್ತಕ್ಕೆ ಮಾತ್ರ ನೋಟಿನ ಪುಟ ಉಳಿದಿತ್ತು. ಆ ರಾತ್ರಿ ಪುಸ್ತಕ ಮುಚ್ಚಿಟ್ಟವನು ಬೆಂಗಳೂರಿಗೆ ಹಿಂದಿರುಗಿದ ಮೇಲೂ ಅದನ್ನು ತೆರೆಯಲಿಲ್ಲ. ಹೇಗೆ ಸರಿ ಮಾಡುವುದೆಂದು ತಿಳಿಯಲಿಲ್ಲ ಎನ್ನುವುದು ಅರ್ಧ ನಿಜ. ಮುಖ ತೋರಿಸಲು ನಾಚಿಕೆ ಎನ್ನುವುದು ಇನ್ನರ್ಧ.

ಹೀಗೆ ಒಂದು ವರ್ಷ ಹೋಯಿತು. 2025ರಲ್ಲಿ ಒಂದು ದಿನ, ನಾನು ಮೊದಲು ಕೆಲಸ ಮಾಡಿದ್ದ ಕಂಪೆನಿಯಿಂದ ಹುಡುಗಿಯೊಬ್ಬಳು ಫೋನು ಮಾಡಿದಳು. ದನಿ ಕೇಳಿದರೆ ನನ್ನ ಮಗಳ ಪ್ರಾಯ.

"ಸರ್, 1995ರ ಒಂದು ಫೈಲಿನ ತಲೆಯಲ್ಲಿ ನಿಮ್ಮ ಹೆಸರಿದೆ. ಹೊಸ ಕಂಪೈಲರಿನಲ್ಲಿ ಅದು ಒಂದನೇ ಪುಟದಲ್ಲೇ ನಿಲ್ಲುತ್ತಿದೆ."

"ಯಾವ ಸಾಲು?"

"ನೀವು ಬೂಲ್ ಅಂತ ಒಂದು ಟೈಪ್ ಮಾಡಿದ್ದೀರಿ ಸರ್."

ನನಗೆ ನಗು ಬಂತು. ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ 'ಸಿ' ಎಂಬ ಪ್ರೋಗ್ರಾಮಿಂಗ್ ಭಾಷೆ ಇದೆ. ಅದರಲ್ಲಿ ಪ್ರತಿಯೊಂದು ಮಾಹಿತಿಗೂ ಇಂಥ ಬಗೆಯದು ಎಂದು ಮೊದಲೇ ಹೇಳಬೇಕು: ಇದು ಪೂರ್ಣಾಂಕ, ಇದು ದಶಮಾಂಶ, ಇದು ಅಕ್ಷರ, ಹೀಗೆ. ಈ ಬಗೆಯನ್ನೇ ಟೈಪ್ ಎನ್ನುತ್ತಾರೆ. ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ ಇರುವ ಮಾಹಿತಿಗೆ ಮಾತ್ರ ಅದರಲ್ಲಿ ಬೇರೆ ಟೈಪ್ ಇರಲಿಲ್ಲ. ಹಾಗಾಗಿ ನಾವೆಲ್ಲ ನಮಗೆ ಬೇಕಾದ ಹಾಗೆ ಒಂದೊಂದನ್ನು ಮಾಡಿಕೊಳ್ಳುತ್ತಿದ್ದೆವು. ತರ್ಕವನ್ನು ಗಣಿತವಾಗಿಸಿದ ಜಾರ್ಜ್ ಬೂಲ್ ಎಂಬ 19ನೆಯ ಶತಮಾನದ ಇಂಗ್ಲಿಷ್ ಗಣಿತಜ್ಞನ ನೆನಪಿಗೆ ಹೆಚ್ಚಿನವರು ಅದನ್ನು 'ಬೂಲ್' ಎನ್ನುತ್ತಿದ್ದರು. ನಾನೂ ಅದೇ ಹೆಸರಿಟ್ಟಿದ್ದೆ.

1999ರಲ್ಲಿ ಸಿ ಭಾಷೆಯ ಸಮಿತಿ ಈ ಕೊರತೆ ತುಂಬಲು ಹೊರಟಿತು. ಆದರೆ ಅಷ್ಟರಲ್ಲಿ 'ಬೂಲ್' ಎಂಬ ಹೆಸರನ್ನು ಜಗತ್ತಿನ ಎಷ್ಟೋ ಪ್ರೋಗ್ರಾಮುಗಳು ತಮ್ಮದು ಮಾಡಿಕೊಂಡಿದ್ದವು. ಭಾಷೆಯೇ ಈಗ ಆ ಹೆಸರು ನನ್ನದು ಎಂದರೆ ಅವೆಲ್ಲ ನಿಲ್ಲುತ್ತವೆ. ಅದೃಷ್ಟಕ್ಕೆ, ಭಾಷೆಗೆ ಒಂದು ಕಾದಿಟ್ಟ ಜಾಗ ಇತ್ತು. ಅಡಿಗೆರೆಯಿಂದ ಶುರುವಾಗಿ ಮುಂದೆ ದೊಡ್ಡ ಅಕ್ಷರ ಬರುವ ಹೆಸರುಗಳನ್ನು ಯಾರೂ ಇಟ್ಟುಕೊಳ್ಳಬಾರದು, ಅವು ಭಾಷೆಯ ಮುಂದಿನ ಅಗತ್ಯಕ್ಕೆ ಎಂದು 1989ರ ಮಾನಕದಲ್ಲೇ ಬರೆದಿದ್ದರು. ರಸ್ತೆ ಮುಂದೆ ಅಗಲವಾದೀತು ಎಂದು ಬದಿಯಲ್ಲಿ ಜಾಗ ಬಿಟ್ಟ ಹಾಗೆ. ಸಮಿತಿ ಆ ಜಾಗದಿಂದ 'ಅಡಿಗೆರೆ ಬೂಲ್' ಎಂಬ, ನೋಡಲು ಅಷ್ಟೇನೂ ಚಂದವಿಲ್ಲದ ಹೆಸರನ್ನು ತೆಗೆದುಕೊಂಡಿತು. ಬರೇ 'ಬೂಲ್' ಎಂದು ಬರೆಯಬೇಕೆನ್ನುವವರಿಗೆ ಬೇರೆ ಒಂದು ಸಣ್ಣ ಫೈಲು ಸೇರಿಸಿಕೊಳ್ಳುವ ಅನುಕೂಲ ಮಾಡಿತು. ಬೇಡದವರ ಅಂಗಳಕ್ಕೆ ಕಾಲಿಡಲಿಲ್ಲ. ಹೀಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾದು, ಸಿ-23 ಎಂಬ ಹೊಸ ಮಾನಕದಲ್ಲಿ ಕೊನೆಗೂ 'ಬೂಲ್' ಅನ್ನು ಭಾಷೆಯದೇ ಶಬ್ದವೆಂದು ಸಾರಿತು. 2025ರ ಏಪ್ರಿಲಿನಲ್ಲಿ ಬಂದ ಜಿಸಿಸಿ ಕಂಪೈಲರಿನ 15ನೆಯ ಆವೃತ್ತಿ, ಬೇರೇನೂ ಹೇಳದಿದ್ದರೆ ಈ ಹೊಸ ನಿಯಮವನ್ನೇ ಹಿಡಿಯುತ್ತದೆ. ನನ್ನ 1995ರ ಸಾಲು ಅಲ್ಲಿ ಮುಗ್ಗರಿಸಿದ್ದು.

"ಆ ಸಾಲು ತೆಗೆದುಹಾಕಿದರೆ ಆಯಿತಲ್ಲ ಸರ್? ಭಾಷೆಯಲ್ಲೇ ಬೂಲ್ ಇದೆ ಈಗ," ಎಂದಳು ಆ ಹುಡುಗಿ.

ಆಯಿತು ಎನ್ನಲು ಬಾಯಿ ತೆರೆದವನಿಗೆ ಏನೋ ನೆನಪಾಗಿ ಮೈ ಜುಂ ಎಂದಿತು. "ತಡಿ. ತೆಗೆಯಬೇಡ. ಅದರಲ್ಲಿ ಎಲ್ಲಾದರೂ ಎರಡು ಎಂಬ ಬೆಲೆ ಇಟ್ಟದ್ದುಂಟಾ ನೋಡು" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವಳೆಂದಳು, "ಉಂಟು ಸರ್. ಹದಿನಾರು ಕಡೆ."

ನಾನು ಮಾಡಿಕೊಂಡಿದ್ದ ಬೂಲ್ ನಿಜವಾದ ಬೂಲ್ ಆಗಿರಲಿಲ್ಲ. ಅದು ಒಂದು ಬೈಟಿನ ಪೆಟ್ಟಿಗೆ, ಅಷ್ಟೇ. ಸೊನ್ನೆ ಎಂದರೆ ಇಲ್ಲ, ಒಂದು ಎಂದರೆ ಹೌದು. ಆದರೆ ಗ್ರಾಹಕರು ಫಾರಂ ತುಂಬುವಾಗ ಉತ್ತರ ಬರೆಯದೆ ಬಿಟ್ಟಿದ್ದರೆ? ಅದಕ್ಕೆ ನಾನು ಅದೇ ಪೆಟ್ಟಿಗೆಯಲ್ಲಿ ಎರಡು ಎಂದು ಇಡುತ್ತಿದ್ದೆ. ಎರಡು ಎಂದರೆ ಗೊತ್ತಿಲ್ಲ. ಭಾಷೆಯ ಬೂಲ್ ಹಾಗಲ್ಲ. ಅದರೊಳಗೆ ಸೊನ್ನೆಯಲ್ಲದ ಏನೇ ಹಾಕಿದರೂ ಅದು ಒಂದಾಗುತ್ತದೆ. ಎರಡು ಹಾಕಿದರೂ ಒಂದೇ. ಆ ಸಾಲನ್ನು ತೆಗೆದಿದ್ದರೆ ಪ್ರೋಗ್ರಾಮು ಚೆನ್ನಾಗಿಯೇ ಓಡುತ್ತಿತ್ತು, ಯಾವ ಎಚ್ಚರಿಕೆಯೂ ಕಾಣದಿರಬಹುದಿತ್ತು, ಮತ್ತು ಮೂವತ್ತು ವರ್ಷದ 'ಗೊತ್ತಿಲ್ಲ'ಗಳೆಲ್ಲ ಸದ್ದಿಲ್ಲದೆ 'ಹೌದು' ಆಗುತ್ತಿದ್ದವು.

ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಪ್ಪನ ಸ್ಟಾರು ಮತ್ತು ನನ್ನ ಎರಡು. ಇದ್ದ ಒಂದೇ ಗುರುತಿನೊಳಗೆ ನಾವಿಬ್ಬರೂ ಇನ್ನೊಂದು ಅರ್ಥವನ್ನು ತುರುಕಿದ್ದೆವು. ಅಪ್ಪನಿಗಾದರೆ ಬೇರೆ ಗುರುತು ಇಟ್ಟುಕೊಳ್ಳಿ ಎಂದು ಹೇಳಿಕೊಡುವವರಿರಲಿಲ್ಲ. ಹೇಳಿಕೊಡಬೇಕಾಗಿದ್ದವನು ಗಡಿಬಿಡಿಯಲ್ಲಿದ್ದ.

ಆ ಹುಡುಗಿಗೆ ಮಾರನೆಯ ದಿನ ದಾರಿ ಹೇಳಿದೆ. ನನ್ನ ಹಳೆಯ ಟೈಪಿಗೆ ಬೇರೆ ಹೆಸರಿಡು, ಮೂರು ಉತ್ತರ ಇರುವಂಥದು ಎಂದು ಹೆಸರಿನಲ್ಲೇ ತಿಳಿಯಲಿ. ಸೊನ್ನೆ, ಒಂದು, ಎರಡು ಈ ಅಂಕಿಗಳನ್ನು ಮಾತ್ರ ಮುಟ್ಟಬೇಡ. ಹಳೆಯ ದಾಖಲೆಗಳೆಲ್ಲ ಅವನ್ನೇ ನಂಬಿಕೊಂಡಿವೆ. ಅವಳು ಹಾಗೆಯೇ ಮಾಡಿದಳು. ಆಮೇಲಿನ ಶನಿವಾರ ನಾನು ಊರಿನ ಬಸ್ಸು ಹತ್ತಿದೆ.

ಅಮ್ಮನನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಕೂರಿಸಿ ಒಂದೊಂದೇ ಶಬ್ದಕ್ಕೆ ತುಳುವಿನಲ್ಲಿ ಏನೆನ್ನುತ್ತೇವೆ ಎಂದು ಕೇಳಿದೆ. "ನಿನ್ನ ಅಪ್ಪನೂ ಹೀಗೇ ತಲೆ ತಿನ್ನುತ್ತಿದ್ದರು" ಎಂದು ಗೊಣಗುತ್ತಲೇ ಹೇಳಿದಳು. ಅವಳಿಂದ ಬಗೆಹರಿಯದವನ್ನು ಬರೆದುಕೊಂಡು ಗುಡ್ಡದ ಆಚೆಯ ರಬ್ಬರ್ ತೋಟದ ಚೇಚಿಯ ಮನೆಗೆ ಹೋದೆ. ಅವರ ಮಾವನ ಕಾಲದಲ್ಲಿ ಕೇರಳದಿಂದ ಬಂದು ಇಲ್ಲಿ ನೆಲೆಸಿದ ಮನೆ. ಚೇಚಿ ರಬ್ಬರ್ ಶೀಟು ಹರವುತ್ತಿದ್ದರು. ನಾನು ಮಳೆ ಎಂದೆ, ಅವರು 'ಮೞ' ಎಂದರು. ಬಾಳೆ ಎಂದೆ, 'ವಾೞ' ಎಂದರು. ನಾಲಗೆಯನ್ನು ಹಿಂದಕ್ಕೆ ಸುರುಳಿ ಮಾಡಿ, ಎಲ್ಲೂ ಮುಟ್ಟಿಸದೆ ಬಿಡುವ ಆ ಧ್ವನಿಯನ್ನು ನಾನು ಆ ದಿನ ಮೊದಲ ಬಾರಿಗೆ ಗಮನವಿಟ್ಟು ಕೇಳಿದೆ. ಕೊಳ ಎಂದೆ. 'ಕುಳಂ' ಎಂದರು. ನಾಲಗೆ ಅಂಗುಳಿಗೆ ತಾಗಿ ಬಂದ ಸ್ಪಷ್ಟವಾದ ಳ. ಮಾಷ್ಟ್ರು ಹೇಳಿದ್ದೇ ಸರಿ.

"ಎಂತಕ್ಕೆ ಸಾರೇ ಇದೆಲ್ಲ? ಪರೀಕ್ಷೆ ಉಂಟಾ?" ಎಂದು ಚೇಚಿ ನಕ್ಕರು. ಉಂಟು ಎಂದೆ.

ನಲುವತ್ತೊಂದರಲ್ಲಿ ಇಪ್ಪತ್ತೊಂಬತ್ತು ಹೀಗೆ ಖಚಿತವಾದವು. ಇನ್ನು ಪುಸ್ತಕ ಏನು ಮಾಡುವುದು? ಹಳೆಯ ಪ್ರತಿಗಳನ್ನು ಹಿಂದೆ ತೆಗೆದುಕೊಂಡು, ತಪ್ಪನ್ನೆಲ್ಲ ಅಳಿಸಿ, ಹೊಸದಾಗಿ ಅಚ್ಚು ಹಾಕಿಸಬೇಕು ಎಂದು ನನಗೆ ಆಸೆ. ಯಾರಿಗೂ ಗೊತ್ತಾಗದ ಹಾಗೆ! ಮಾಷ್ಟ್ರ ಮನೆಗೆ ಹೋಗಿ ಕೇಳಿದೆ. ಅವರು ಒಪ್ಪಲಿಲ್ಲ. ಅಪ್ಪ ತಮ್ಮ ಸ್ನೇಹಿತರಿಗೆ ಬರೆದ ಪತ್ರಗಳಲ್ಲಿ 'ನನ್ನ ಪಟ್ಟಿಯ 212ನೆಯ ಶಬ್ದ ನೋಡಿ' ಎಂದೆಲ್ಲ ಬರೆದದ್ದುಂಟು. ಅಂಥ ಒಂದು ಕಟ್ಟು ಪತ್ರ ಅವರಲ್ಲೇ ಇತ್ತು. ಪುಸ್ತಕ ಸಿಕ್ಕಿದವರೂ ಅದರ ಅಂಚಿನಲ್ಲಿ ಗುರುತು ಮಾಡಿಕೊಂಡಿದ್ದಾರೆ. "ಕೊಟ್ಟ ಮೇಲೆ ಅದು ನಿನ್ನದಲ್ಲ ಮಾರಾಯ. ನಂಬರು ಹಾಗೇ ಇರಲಿ, ಸಾಲೂ ಇರಲಿ. ತಪ್ಪು ಆಗಿದೆ ಎಂದು ಒಂದು ಚೀಟಿ ಮಾಡಿ ಅಂಟಿಸು" ಎಂದರು.

ಯೂನಿಕೋಡಿನವರು ಮಾಡಿದ್ದೂ ಇದನ್ನೇ ಅಲ್ಲವೇ? ಅವರ 'ಫಾ'ದ ಮೇಲೆ ಸಿಟ್ಟು ಮಾಡಿಕೊಂಡದ್ದು ನೆನಪಾಗಿ ನನಗೆ ಒಳಗೊಳಗೇ ನಾಚಿಕೆಯಾಯಿತು. ತಿದ್ದುವ ಅಧಿಕಾರ ಅವರಿಗೂ ಇತ್ತು, ನನಗೂ ಇತ್ತು. ಆದರೆ ಆ ತಪ್ಪನ್ನೇ ನಂಬಿಕೊಂಡು ಏನಾದರೂ ಕಟ್ಟಿದವರನ್ನು ಕೇಳದೆ ತಿದ್ದುವುದು ಅಷ್ಟು ಮರ್ಯಾದೆಯ ಕೆಲಸವಲ್ಲ. ತಪ್ಪನ್ನು ಮುಚ್ಚದೆ, ಅದರ ಪಕ್ಕದಲ್ಲೇ ಸರಿಯಾದದ್ದನ್ನು ಬರೆದು, ಎರಡನ್ನೂ ಹೊತ್ತುಕೊಂಡು ಹೋಗುವುದು ನೋಡಲು ಚಂದವಲ್ಲ. ಆದರೂ ಅದೇ ದಾರಿ.

ಈಗ ಐವತ್ತು ಪ್ರತಿಗಳ ಕೊನೆಯ ಪುಟದಲ್ಲೂ ಒಂದು ಚೀಟಿ ಇದೆ. ಮೈದಾ ಅಂಟು ಹಚ್ಚಿ ನಾನೂ ಮಗಳೂ ಮನೆ ಮನೆಗೆ ಹೋಗಿ ಅಂಟಿಸಿ ಬಂದೆವು. ಇಪ್ಪತ್ತೊಂಬತ್ತು ತಿದ್ದುಪಡಿ ಅದರಲ್ಲಿವೆ; ಈ ತಪ್ಪುಗಳು ಬರೆದವರದಲ್ಲ, ಅಚ್ಚು ಹಾಕಿಸಿದವನದು ಎಂಬ ಸಾಲೂ ಇದೆ. ಉಳಿದ ಹನ್ನೆರಡು ಶಬ್ದಗಳಿಗೆ ಅಪ್ಪನ ಸ್ಟಾರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಅವರದೇ ಪೆನ್ಸಿಲಿನ ಅಕ್ಷರವನ್ನು ಬರೆದೆವು: 'ವಿ'.

ಆ ಹನ್ನೆರಡನ್ನು ನಾನು ಇನ್ನೂ ವಿಚಾರಿಸುತ್ತಿದ್ದೇನೆ.